ಯೂ-ಟರ್ನ್ ಆಂಟಿ

ಹಿಮಕುಸಿತದ ಬಗ್ಗೆ ನನಗೆ ಗೊತ್ತಿರುವುದನ್ನೆಲ್ಲ ಕಲಿಸಿದವರು ಸಿಡ್ನಿಯ ಮಾರ್ಸ್ಡನ್ ಪಾರ್ಕ್ ಬಡಾವಣೆಯಲ್ಲಿ, ನಲವತ್ತೆರಡು ಡಿಗ್ರಿ ಬಿಸಿಲಿದ್ದ ಒಂದು ಮಧ್ಯಾಹ್ನ, ಮಗನ ಮನೆಯ ಫ್ಯಾನಿನ ಕೆಳಗೆ ಕೂತಲ್ಲೇ ತೀರಿಕೊಂಡರು. ಹೃದಯಾಘಾತ ಎಂದು ಡಾಕ್ಟರು ಹೇಳಿದರು. ಬೆಟ್ಟದ್ದಾಗಲಿ ಹಿಮದ್ದಾಗಲಿ ಇದರಲ್ಲಿ ಯಾವ ಕೈವಾಡವೂ ಇರಲಿಲ್ಲ. ಇದ್ದಿದ್ದರೆ ಅವರಿಗೆ ಬಹಳ ಅವಮಾನವಾಗುತ್ತಿತ್ತು.

ಮೆಲ್ಬರ್ನಿನಿಂದ ನಾವು ಹತ್ತು ಜನ ಅಂತ್ಯಕ್ರಿಯೆಗೆ ಹೋಗಿದ್ದೆವು. ಈ ತಾಯಿಗೆ ಬೆಟ್ಟಗಳೆಂದರೆ ಪ್ರಾಣ ಎಂದು ಚರ್ಚಿನಲ್ಲಿ ಪಾದ್ರಿಗಳು ಹೇಳಿದಾಗ, ಪಕ್ಕದಲ್ಲಿ ಕೂತಿದ್ದ ನಮ್ಮ ಕನ್ನಡ ಸಂಘದ ಅಧ್ಯಕ್ಷರು ನನ್ನ ಕಿವಿಯಲ್ಲಿ, "ಅಷ್ಟು ಪ್ರಾಣ ಇದ್ದಿದ್ರೆ ನಮ್ಮನ್ನ ಒಂದ್ಸಲನಾದ್ರೂ ಮೇಲಕ್ಕೆ ಬಿಡ್ತಿದ್ರು ಕಣ್ರೀ," ಎಂದು ಗೊಣಗಿದರು. ಆಮೇಲೆ ಹಾಲ್‌ನಲ್ಲಿ ಕಾಫಿ ಕುಡಿಯುವಾಗ ಎಲ್ಲರ ಬಾಯಲ್ಲೂ ಅದೇ ಮಾತು: ಯಾರ ಯಾವ ಟ್ರಿಪ್ಪನ್ನು ಅವರು ಹಾಳು ಮಾಡಿದ್ದರು ಎಂಬುದು. ಒಬ್ಬರದು ಮದುವೆಯ ಇಪ್ಪತ್ತೈದನೆಯ ವಾರ್ಷಿಕೋತ್ಸವ. ಇನ್ನೊಬ್ಬರು ಬೆಂಗಳೂರಿನಿಂದ ಬಂದ ಭಾವಮೈದುನನಿಗೆ ಬೆಟ್ಟ ಹತ್ತಿಸಬೇಕೆಂದು ಐದು ಗಂಟೆ ಡ್ರೈವ್ ಮಾಡಿ, ಇವರ ಮಾತು ಕೇಳಿ ಕಾರ್ ಪಾರ್ಕಿನಿಂದಲೇ ವಾಪಸಾದವರು. ಆ ಭಾವಮೈದುನನ ಬಳಿ ಇರುವ ಒಂದೇ ಫೋಟೊ ಪಾರ್ಕಿಂಗ್ ಟಿಕೆಟ್ ಮಶೀನಿನ ಪಕ್ಕ ನಿಂತು ತೆಗೆಸಿಕೊಂಡದ್ದು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಎಲ್ಲರೂ ಕೈಕಾಲು ನೆಟ್ಟಗಿದ್ದು ನಗುತ್ತಿದ್ದೇವೆ ಎಂಬುದು ಮಾತ್ರ ಯಾರ ಗಮನಕ್ಕೂ ಬಂದ ಹಾಗಿರಲಿಲ್ಲ.

ಅವರಿಗೆ 'ಯೂ-ಟರ್ನ್ ಆಂಟಿ' ಎಂದು ಹೆಸರಿಟ್ಟವರು ಯಾರೋ ಗೊತ್ತಿಲ್ಲ. ಅವರ ಕಿವಿಗೂ ಅದು ಬಿದ್ದಿತ್ತು. "ಒಳ್ಳೆದಾಯ್ತು, ನೆನಪಿರ್ತದೆ," ಎಂದರಷ್ಟೆ.

ಸಿಡ್ನಿಗೆ ಹೋಗುವ ಮುಂಚೆ, ಮೆಲ್ಬರ್ನಿನ ಗ್ಲೆನ್ ವೇವರ್ಲಿಯಲ್ಲಿ ಅವರದು ನಮ್ಮ ಮನೆಯಿಂದ ಮೂರನೆಯ ಮನೆ. ಮಂಗಳೂರಿನ ಕಡೆಯ ಕ್ಯಾಥೊಲಿಕರು. ಮನೆಯವರೊಂದಿಗೆ ಕೊಂಕಣಿ, ನಮ್ಮೊಂದಿಗೆ ಮಂಗಳೂರು ಕನ್ನಡ. ಎತ್ತರ ಐದಡಿಗೆ ಒಂದು ಬೆರಳು ಕಮ್ಮಿ. ಚಳಿಗಾಲವಿಡೀ ಮುಖ ಹಿಮದ ಮೇಲಿನ ಬಿಸಿಲಿಗೆ ಕರಿಕಾಗಿ, ಕಣ್ಣ ಸುತ್ತ ಮಾತ್ರ ಕನ್ನಡಕದ ಆಕಾರದ ಬಿಳಿ ಗುರುತು ಉಳಿದಿರುತ್ತಿತ್ತು. ಭಾನುವಾರ ಚರ್ಚಿಗೆ ಆ ಮುಖದಲ್ಲೇ, ಒಳ್ಳೆಯ ರೇಷ್ಮೆ ಚೂಡಿದಾರದಲ್ಲಿ ಹೋಗುತ್ತಿದ್ದರು. ಕೆಲಸ ವೃದ್ಧಾಶ್ರಮವೊಂದರ ಅಡುಗೆಮನೆಯ ಸೂಪರ್‌ವೈಸರ್. ಸೂಪಿನ ಬಿಸಿ ಎಷ್ಟು, ಫ್ರಿಜ್ಜಿನ ತಂಪು ಎಷ್ಟು ಎಂದು ಹೊತ್ತುಹೊತ್ತಿಗೆ ಥರ್ಮಾಮೀಟರ್ ಹಾಕಿ ನೋಡಿ ಬರೆದಿಡುವುದು ಅಲ್ಲಿಯ ನಿಯಮ. ಬೆಟ್ಟಕ್ಕೂ ಅವರು ಅಂಥದೇ ಥರ್ಮಾಮೀಟರು, ಅಂಥದೇ ನೋಟ್‌ಬುಕ್ಕು ಒಯ್ಯುತ್ತಿದ್ದರು. ಗಾಳಿ, ಮೋಡ, ಹಿಮದ ಯಾವ ಪದರ ಎಷ್ಟು ಆಳದಲ್ಲಿದೆ ಎಲ್ಲವೂ ದುಂಡಗಿನ ಅಕ್ಷರದಲ್ಲಿ ಅದರಲ್ಲಿರುತ್ತಿತ್ತು. "ನೋಡದ್ದನ್ನು ಬರೀಲಿಕ್ಕಿಲ್ಲ. ನೋಡಿದ್ದನ್ನು ಬಿಡ್ಲಿಕ್ಕಿಲ್ಲ. ಇಷ್ಟೇ ಕಾನೂನು," ಎನ್ನುತ್ತಿದ್ದರು.

ಮಂಗಳೂರಿನವರಿಗೆ ಹಿಮದ ಜ್ಞಾನ ಎಲ್ಲಿಂದ ಬಂತು ಎಂದು ನಾನು ಕೇಳಿದ್ದೆ. ಅವರ ಅಪ್ಪ ಬಂದರಿನಲ್ಲಿ ಮೀನಿನ ವ್ಯಾಪಾರಿ.

"ಬಂಗುಡೆ ಪೆಟ್ಟಿಗೆಗೆ ಐಸ್ ಪುಡಿ ಹಾಕ್ತಾರಲ್ಲ, ಅದು ಮರುದಿನಕ್ಕೆ ಗಟ್ಟಿ ಆಗ್ತದೆ, ಮೇಲೆ ನುಣ್ಣಗೆ. ಅದರ ಮೇಲೆ ಹೊಸ ಪುಡಿ ಹಾಕಿದ್ರೆ ಅಂಟುದಿಲ್ಲ. ಪೆಟ್ಟಿಗೆ ಓರೆ ಮಾಡಿದ್ರೆ ಸರ್ರಂತ ಹೊಸದೆಲ್ಲ ಕೆಳಗೆ. ಇಲ್ಲಿಯೂ ಅಷ್ಟೇ ಮಾರಾಯ್ರೇ. ಮೀನಿನ ಬದಲು ಮನುಷ್ಯ."

ನಮ್ಮ ವಿಕ್ಟೋರಿಯಾ ರಾಜ್ಯದ ಬೆಟ್ಟಗಳ ಹವೆಯನ್ನು ಇದಕ್ಕಿಂತ ಚೆನ್ನಾಗಿ ಯಾರೂ ನನಗೆ ಹೇಳಿಲ್ಲ. ಇಲ್ಲಿ ಬಿರುಗಾಳಿ ಮೊದಲು ಮಳೆ ತರುತ್ತದೆ. ಆ ಮಳೆ ಹಳೆಯ ಹಿಮದ ಮೇಲೆ ಹೆಪ್ಪುಗಟ್ಟಿ ಗಾಜಿನಂತಾಗುತ್ತದೆ. ಆಮೇಲೆ ಹೊಸ ಹಿಮ ಬೀಳುತ್ತದೆ. ಪಡುವಣ ಗಾಳಿ ಅದನ್ನು ಗುಡಿಸಿ ತಂದು ಬೆಟ್ಟದ ಮೂಡಣ ಮಗ್ಗುಲಿಗೆ ಒಟ್ಟುತ್ತದೆ. ಮೇಲಿನಿಂದ ನೋಡಿದರೆ ಮಡಿಚಿಟ್ಟ ಹತ್ತಿಯ ಹಾಸಿಗೆ. ಕೆಳಗೆ ಅದನ್ನು ಹಿಡಿದುಕೊಂಡದ್ದು ಏನೂ ಇರುವುದಿಲ್ಲ. "ಬಿರುಗಾಳಿ ದಿನ ಯಾರಿಗೂ ಎಂತದೂ ಆಗುದಿಲ್ಲ, ಎಲ್ಲರೂ ಮನೆಯಲ್ಲಿರ್ತಾರೆ," ಎನ್ನುತ್ತಿದ್ದರು ಆಂಟಿ. "ಮರುದಿನ ಬಿಸಿಲು ಬರ್ತದೆ ನೋಡಿ, ಅದೇ ಕಷ್ಟ." ನಮ್ಮ ದುರದೃಷ್ಟಕ್ಕೆ ನಾವೆಲ್ಲ ಟ್ರಿಪ್ ಇಟ್ಟುಕೊಳ್ಳುತ್ತಿದ್ದದ್ದು ಸರಿಯಾಗಿ ಆ ಮರುದಿನಕ್ಕೇ.

ಸಂಘದ ವಾರ್ಷಿಕ ಹಿಮಯಾತ್ರೆಗೆ ಒಮ್ಮೆ ಅವರನ್ನೂ ಕರೆದಿದ್ದರು. ಒಂದು ಬಸ್ಸು, ಐವತ್ತೆರಡು ಜನ, ಎರಡು ದೊಡ್ಡ ಪಾತ್ರೆ ಪುಳಿಯೋಗರೆ. ಮೇಲೆ ತಲುಪಿದವರೇ ಸಂಘದ ಬ್ಯಾನರ್ ಬಿಚ್ಚಿ, ಒಂದು ಚೆಂದದ ಲಾಡ್ಜಿನ ಸೂರಿನ ಕೆಳಗೆ ಸಾಲಾಗಿ ನಿಂತರು. ಆಂಟಿ ತಲೆಯೆತ್ತಿ ಛಾವಣಿಯನ್ನು ನೋಡಿ, ಅಲ್ಲಿ ಪೇರಿಕೊಂಡಿರುವ ಹಿಮ ಜಾರುತ್ತದೆ, ಎಲ್ಲರೂ ಇಲ್ಲಿಂದ ಸರಿಯಬೇಕು ಎಂದರು. ಯಾರೂ ಕೇಳಲಿಲ್ಲ. ಆಗ ಅವರು ಪುಳಿಯೋಗರೆಯ ಒಂದು ಪಾತ್ರೆಯನ್ನು ಎತ್ತಿಕೊಂಡು ಎದುರಿನ ಕಟ್ಟಡದತ್ತ ನಡೆದರು. ಐವತ್ತೆರಡು ಜನವೂ ಹಿಂಬಾಲಿಸಿದರು. ಆ ಛಾವಣಿಯ ಹಿಮ ಸಂಜೆಯವರೆಗೂ ಜಾರಲಿಲ್ಲ. ಆ ವರ್ಷದ ಸ್ಮರಣ ಸಂಚಿಕೆಯ ಮುಖಪುಟದಲ್ಲಿ ನಮ್ಮ ಸಂಘ ಸಾರ್ವಜನಿಕ ಶೌಚಾಲಯದ ಮುಂದೆ ನಿಂತು ನಗುತ್ತಿದೆ.

ನನ್ನ ಹೆಂಡತಿಗೆ ಅವರ ಮೇಲೆ ಬೇರೆಯೇ ಒಂದು ದೂರಿತ್ತು. ನಮ್ಮದು ಮೈಸೂರು. ಮನೆಯಿಂದ ಹೊರಟವರನ್ನು 'ಎಲ್ಲಿಗೆ' ಎಂದು ಕೇಳಬಾರದು. ತೀರಾ ಬೇಕಾದರೆ 'ದೂರ ಹೊರಟಿರಾ' ಎನ್ನಬಹುದು. ಹೊಸಿಲು ದಾಟಿದವರನ್ನು ಹಿಂದಿನಿಂದ ಕರೆಯಲಂತೂ ಕೂಡದು. ಕರೆದರೆ ಹೋದ ಕೆಲಸ ಕೆಡುತ್ತದೆ. ಅಪ್ಪ ಊಟದ ಡಬ್ಬಿ ಮರೆತುಹೋದರೆ ನನ್ನ ಅಮ್ಮ ಕೂಗದೆ, ಸೈಕಲ್ಲಿನ ಹಿಂದೆ ಓಡಿ, ಮುಂದಕ್ಕೆ ಹೋಗಿ ನಿಂತು ಕೊಡುತ್ತಿದ್ದರು. ಇಂಥ ನಮ್ಮ ಮನೆಯ ಹತ್ತಿರ ಈ ಆಂಟಿ, ಯಾರ ಕಾರು ಹೊರಟರೂ ಬೇಲಿಯ ಮೇಲಿನಿಂದ ಕತ್ತು ಚಾಚಿ, "ಎಲ್ಲಿಗೆ? ಯಾವ ದಾರಿ? ಎಷ್ಟು ಗಂಟೆಗೆ ವಾಪಸ್?" ಎಂದು ಬೀದಿಗೆಲ್ಲ ಕೇಳುವಂತೆ ವಿಚಾರಿಸುತ್ತಿದ್ದರು. ಕಾರು ತಿರುವಿಗೆ ಹೋದ ಮೇಲೂ ಕೂಗಿ ನಿಲ್ಲಿಸುತ್ತಿದ್ದರು. ನನ್ನ ಡ್ರೈವಿಂಗ್ ಟೆಸ್ಟ್ ಎರಡು ಸಲ ಫೇಲ್ ಆದದ್ದಕ್ಕೆ ಹೆಂಡತಿಯ ಪ್ರಕಾರ ಇದೇ ಕಾರಣ. ನಾನು ಇಂಜಿನಿಯರ್, ಇಂಥದನ್ನೆಲ್ಲ ನಂಬುವವನಲ್ಲ ಎಂದು ಆಗ ಹೇಳಿಕೊಂಡಿದ್ದೆ.

ನಲವತ್ತೈದು ದಾಟಿದ ಮೇಲೆ ನನಗೆ ಬೆಟ್ಟದ ಹುಚ್ಚು ಹಿಡಿಯಿತು. ರೆಸಾರ್ಟಿನ ಲಿಫ್ಟು, ಕ್ಯೂ ಏನೂ ಇಲ್ಲದ ಕಡೆ ಸ್ಕೀ ಕಟ್ಟಿಕೊಂಡು ನಾವೇ ಹತ್ತಿ ಇಳಿಯುವ ಹುಚ್ಚು. ನನಗಿಂತ ಜೋರಾಗಿ ಹಿಡಿದದ್ದು ಮಗಳಿಗೆ. ಆಗ ಅವಳಿಗೆ ಹತ್ತೊಂಬತ್ತು. ಬೇಕಾದ ಸಾಮಾನೆಲ್ಲ ಕೊಂಡು ತಂದು ಆಂಟಿಗೆ ತೋರಿಸಿದೆ. ಹಿಮದಡಿ ಹೂತವರನ್ನು ಹುಡುಕಲು ಎದೆಗೆ ಕಟ್ಟಿಕೊಳ್ಳುವ ಬೀಕನ್ ಎಂಬ ಯಂತ್ರದ ಮೇಲೆ ಅಂಗಡಿಯ ಪ್ಲಾಸ್ಟಿಕ್ ಹಾಳೆ ಹಾಗೇ ಇತ್ತು. ಸಲಿಕೆಗೂ ಕವರಿತ್ತು. ಗೀರು ಬೀಳಬಾರದಲ್ಲ, ನಮ್ಮ ಮನೆಯ ಟಿವಿ ರಿಮೋಟಿಗೂ ಹಾಗೇ ಇದೆ. ಆಂಟಿ ಉಗುರಿನಲ್ಲಿ ಪ್ಲಾಸ್ಟಿಕ್ ಕಿತ್ತು, ಸಲಿಕೆಯನ್ನು ತಮ್ಮ ಕಾಂಕ್ರೀಟ್ ಅಂಗಳಕ್ಕೆ ನಾಲ್ಕು ಸಲ ಉಜ್ಜಿ ವಾಪಸ್ ಕೊಟ್ಟರು. "ಈಗ ಹೆದರಿಕೆ ಇಲ್ಲದೆ ಅಗೀರಿ," ಎಂದರು.

ಹಾಗೆ ನಾವಿಬ್ಬರೂ ಅವರ ಶಿಷ್ಯರಾದೆವು. ಶಿಷ್ಯತನವೆಂದರೆ ಮುಖ್ಯವಾಗಿ ಅಗೆಯುವುದು. ನಾವು ಹೋಗಬೇಕಾದ ಇಳಿಜಾರಿನದೇ ದಿಕ್ಕಿಗೆ ಮುಖ ಮಾಡಿದ, ಅಪಾಯವಿಲ್ಲದ ಒಂದು ಪುಟ್ಟ ದಿಬ್ಬ ಹುಡುಕಿ, ಎದೆಯೆತ್ತರ ಗುಂಡಿ ತೋಡಬೇಕು. ಗುಂಡಿಯ ಗೋಡೆಯಲ್ಲಿ ಹಿಮದ ಕಂಬವೊಂದನ್ನು ಕತ್ತರಿಸಿ, ಅದರ ತಲೆಯ ಮೇಲೆ ಸಲಿಕೆಯಿಟ್ಟು ತಟ್ಟಬೇಕು. ಮಣಿಕಟ್ಟಿನಿಂದ ಹತ್ತು ಏಟು, ಮೊಣಕೈಯಿಂದ ಹತ್ತು, ಭುಜದಿಂದ ಹತ್ತು. ಎಷ್ಟನೆಯ ಏಟಿಗೆ ಮೇಲಿನ ಪದರ ಕಳಚಿ ಜಾರಿತು ಎನ್ನುವುದನ್ನು ನೋಡಿ ಹೋಗುವುದೋ ಬಿಡುವುದೋ ತೀರ್ಮಾನ. ಮೂವತ್ತೂ ಏಟು ತಿಂದು ನಿಂತ ಕಂಬವನ್ನು ಕಂಡರೆ ಆಂಟಿಗೆ ಪ್ರೀತಿ. ಬೆನ್ನು ತಟ್ಟಿದ ಹಾಗೆ ಅದರ ಪಕ್ಕಕ್ಕೆ ಒಂದು ಸಲ ತಟ್ಟಿಯೇ ಮೇಲೇಳುತ್ತಿದ್ದರು.

ಮೊದಲ ಚಳಿಗಾಲದಲ್ಲಿ ಐದು ಸಲ ಹೋಗಿ ಐದು ಸಲವೂ ವಾಪಸಾದೆವು. ಐದನೆಯ ಸಲ ಬೆಟ್ಟದ ಬುಡದ ಊರಿನ ಬೇಕರಿಯಲ್ಲಿ ಕೂತು ಪೈ ತಿನ್ನುವಾಗ ನಾನು ತಾಳ್ಮೆಗೆಟ್ಟು, ನೀವು ಯಾವಾಗಲೂ ಇಷ್ಟು ಪುಕ್ಕಲಾಗಿದ್ದಿರಾ ಎಂದು ಕೇಳಿಯೇಬಿಟ್ಟೆ. ಮಗಳು ಹೊರಗೆ ಫೋನಿನಲ್ಲಿದ್ದಳು. ಆಂಟಿ ಟೊಮೆಟೊ ಸಾಸಿನ ಪೊಟ್ಟಣ ಹರಿಯುತ್ತ, ತಮ್ಮ ಗಂಡನ ವಿಷಯ ಹೇಳಿದರು.

ಆಸ್ಟ್ರೇಲಿಯಾಕ್ಕೆ ಬಂದ ಹೊಸತರಲ್ಲಿ ಇಬ್ಬರೂ ಬೆಟ್ಟದ ಮೇಲಿನ ಒಂದು ಲಾಡ್ಜಿನಲ್ಲಿ ಕೆಲಸಕ್ಕಿದ್ದರಂತೆ. ಗಂಡ ಅಡುಗೆಗೆ, ಇವರು ರೂಮು ಚೊಕ್ಕಟ ಮಾಡಲು. ಗುಂಡಿ ತೋಡಿ ನೋಡುವುದನ್ನು ಕಲಿಸಿದ್ದು ಅಲ್ಲಿಯ ಮುದುಕ ಯಜಮಾನ. ಒಂದು ಬಿರುಗಾಳಿ ಕಳೆದ ಬೆಳಿಗ್ಗೆ ಇವರು ತೋಡಿ ನೋಡಿದಾಗ ಪದರ ಮೂರೇ ಏಟಿಗೆ ಬಿತ್ತು. ಅಡುಗೆಮನೆಗೆ ಬರುವ ಹೊತ್ತಿಗೆ, ರಜೆಯಲ್ಲಿದ್ದ ಗಂಡ ಸ್ಕೀ ಹೆಗಲಿಗೇರಿಸಿ ಆಗತಾನೇ ಬಾಗಿಲು ದಾಟಿದ್ದರು.

"ನಾಲ್ಕು ಹೆಜ್ಜೆ ಆಚೆ ಇದ್ರು ಅಷ್ಟೇ," ಎಂದರು ಆಂಟಿ. "ಹಿಂದಿನಿಂದ ಕರೀಬಾರದಲ್ಲ. ಕರೀಲಿಲ್ಲ. ಒಳಗೆ ಹೋಗಿ ಪ್ರಾರ್ಥನೆ ಮಾಡಿದೆ."

"ನಿಮ್ಮಲ್ಲೂ ಆ ಶಾಸ್ತ್ರ ಇದ್ಯಾ ಆಂಟಿ?"

"ಚರ್ಚಿಗೆ ಹೋದ ಕೂಡ್ಲೆ ಅಜ್ಜಿ ಹೇಳಿದ್ದೆಲ್ಲ ಹೋಗ್ತದಾ?"

ಲಾಡ್ಜಿನ ಹಿಂದಿನ ಕಮರಿಯಲ್ಲಿ ಹಿಮ ಜಾರಿ ಗಂಡ ಕುತ್ತಿಗೆಯವರೆಗೆ ಹೂತುಹೋದರು. ಜೊತೆಯಲ್ಲಿದ್ದವರು ಅಗೆದು ತೆಗೆದರು. ಬಲ ಮಂಡಿ ಹೋಯಿತು, ಜೀವ ಉಳಿಯಿತು. ಆಮೇಲೆ ಮೆಲ್ಬರ್ನಿಗೆ ಬಂದು ಟ್ಯಾಕ್ಸಿ ಓಡಿಸಿಕೊಂಡು ಇಪ್ಪತ್ತೆರಡು ವರ್ಷ ಬದುಕಿ, ಸಕ್ಕರೆ ಕಾಯಿಲೆಯಲ್ಲಿ ತೀರಿಕೊಂಡರು.

"ಇಪ್ಪತ್ತೆರಡು ವರ್ಷವೂ ಅದೊಂದೇ ಮಾತು. ಸಾರಿಗೆ ಉಪ್ಪು ಜಾಸ್ತಿ ಆದ್ರೂ ಅದೇ, ಕರೆಂಟ್ ಬಿಲ್ ಬಂದ್ರೂ ಅದೇ. 'ಆವತ್ತು ನಿನಗೆ ಗೊತ್ತಿತ್ತು, ನೀನು ಕರೀಲಿಲ್ಲ.' ನಾನು ಎಂತ ಹೇಳುದು? ಗೊತ್ತಿತ್ತು. ಕರೀಲಿಲ್ಲ." ಪೈ ಆರಿಹೋಗಿತ್ತು. ಅವರು ಅದನ್ನು ಪೂರ್ತಿ ತಿಂದು, ತಟ್ಟೆಯನ್ನು ತಾವೇ ಕೌಂಟರಿಗೆ ಒಯ್ದು ಕೊಟ್ಟರು.

ಇದಾದ ಮುಂದಿನ ಚಳಿಗಾಲದ ಒಂದು ಶನಿವಾರ. ಮೂರು ದಿನ ಹೊಡೆದ ಬಿರುಗಾಳಿ ಶುಕ್ರವಾರ ನಿಂತಿತ್ತು. ಮೊದಲ ದಿನ ಮಳೆ, ಆಮೇಲೆ ಎರಡು ದಿನ ಹಿಮ. ಆಂಟಿ ಬೇಡ ಎಂದರು. ಮಗಳಿಗೆ ಯೂನಿವರ್ಸಿಟಿ ರಜೆ ಮುಗಿಯುವುದರಲ್ಲಿತ್ತು. ನೀವು ಬರದಿದ್ದರೆ ನಾವಿಬ್ಬರೇ ಹೋಗುತ್ತೇವೆ ಎಂದಳು. ಬೆಟ್ಟದ ನೆತ್ತಿಯ ಮೇಲೆ ಮಾತ್ರ ಓಡಾಡುವುದು, ಇಳಿಜಾರಿಗೆ ಕಾಲಿಡುವಂತಿಲ್ಲ ಎಂಬ ಷರತ್ತಿನ ಮೇಲೆ ಆಂಟಿ ಬಂದರು. ಮೇಲೆ ಆಕಾಶ ತೊಳೆದಿಟ್ಟ ಹಾಗೆ ನೀಲಿ. ಎಲ್ಲೂ ಒಂದು ಎಲೆ ಅಲ್ಲಾಡುತ್ತಿರಲಿಲ್ಲ. ನೆತ್ತಿಯ ಮೂಡಣಕ್ಕೆ ಬಾಣಲೆಯಂತೆ ಇಳಿದ ದೊಡ್ಡ ಇಳಿಜಾರು, ಅದರ ಮೇಲೆ ಯಾರೋ ಬೆಳಿಗ್ಗೆಯೇ ಅಡ್ಡ ಹಾದುಹೋದ ಒಂದು ಜೊತೆ ಸ್ಕೀ ಗುರುತು.

ಪಕ್ಕದ ದಿಬ್ಬದಲ್ಲಿ ಗುಂಡಿ ತೋಡಿದೆವು. ಮಣಿಕಟ್ಟಿನ ಹತ್ತು ಏಟು ತಡೆದುಕೊಂಡ ಕಂಬ ಮೊಣಕೈಯ ಎರಡನೆಯದಕ್ಕೆ ಕಳಚಿಕೊಂಡಿತು. ಮೇಲಿನ ಒಂದೂವರೆ ಅಡಿ ಹಿಮ ಡ್ರಾಯರ್ ಎಳೆದ ಹಾಗೆ ನೀಟಾಗಿ ಜಾರಿ ನಮ್ಮ ಕಾಲ ಬಳಿ ಬಿತ್ತು. ಕೆಳಗೆ ಗಾಜಿನಂಥ ಪದರ ಬಿಸಿಲಿಗೆ ಮಿಂಚುತ್ತಿತ್ತು.

"ಆಯ್ತು. ಚಾ ಕುಡ್ದು ಹೋಗುವ," ಎಂದರು ಆಂಟಿ.

"ಬಟ್ ಆಂಟಿ, ಸಮ್‌ಒನ್ಸ್ ಆಲ್ರೆಡಿ ಕ್ರಾಸ್ಡ್ ಇಟ್," ಎಂದಳು ಮಗಳು.

"ಅವರ ಪುಣ್ಯ. ಅದು ಅವರೇ ಮುಗಿಸಿಯಾಯ್ತು. ನಮಗೆ ಉಳಿದಿಲ್ಲ."

ಆಂಟಿ ಅತ್ತ ತಿರುಗಿ, ಬಗ್ಗಿ, ಗುಂಡಿ ಮುಚ್ಚತೊಡಗಿದರು. ನಾನು ಫ್ಲಾಸ್ಕಿನ ಮುಚ್ಚಳ ತೆಗೆಯುತ್ತಿದ್ದೆ. ತಲೆಯೆತ್ತಿದಾಗ ಮಗಳು ನಮಗೆ ಬೆನ್ನು ಹಾಕಿ ಹೊರಟಾಗಿತ್ತು. ಆ ಸ್ಕೀ ಗುರುತಿನ ಮೇಲೇ ಕಾಲಿಟ್ಟು, ಇಳಿಜಾರಿನ ಅಂಚು ದಾಟಿ ಹತ್ತು ಹೆಜ್ಜೆ ಹೋಗಿದ್ದಳು.

ನನಗೆ ಎಲ್ಲವೂ ಕಾಣುತ್ತಿತ್ತು. ಎರಡನೆಯ ಏಟಿಗೆ ಬಿದ್ದ ತುಂಡು ನನ್ನ ಬೂಟಿನ ಪಕ್ಕದಲ್ಲೇ ಇತ್ತು. ಬಾಯಿ ತೆರೆದೆ. ಮಾತು ಹೊರಡಲಿಲ್ಲ. ಹೆದರಿಕೆಯಿಂದ ಸ್ವರ ಕಟ್ಟಿತು ಎಂದು ಬರೆದರೆ ಮರ್ಯಾದೆ ಉಳಿಯುತ್ತದೆ, ಆದರೆ ಅದು ಸುಳ್ಳು. ಹೊರಟವಳನ್ನು ಹಿಂದಿನಿಂದ ಕರೆದರೆ ಏನಾದರೂ ಆದೀತು ಎಂದು ಅನಿಸಿತು. ನಲವತ್ತೇಳು ವರ್ಷದ ಇಂಜಿನಿಯರನಿಗೆ ಆ ಹೊತ್ತಿನಲ್ಲಿ ಅನಿಸಿದ್ದು ಅದು. ಅಮ್ಮನ ಹಾಗೆ ಓಡಿಹೋಗಿ ಅವಳ ಮುಂದೆ ನಿಲ್ಲಲು ಅಲ್ಲಿ ಮುಂದೆ ಎನ್ನುವ ಜಾಗವೇ ಇರಲಿಲ್ಲ. ಅವಳು ಇನ್ನೂ ಹತ್ತು ಹೆಜ್ಜೆ ಹೋದಳು. ನಾನು ಫ್ಲಾಸ್ಕಿನ ಮುಚ್ಚಳ ಹಿಡಿದುಕೊಂಡು ನೋಡುತ್ತ ನಿಂತಿದ್ದೆ.

ಆಂಟಿ ಬೆನ್ನು ನೆಟ್ಟಗೆ ಮಾಡಿ ತಿರುಗಿದರು. ಒಮ್ಮೆ ಅವಳನ್ನು ನೋಡಿದರು, ಒಮ್ಮೆ ನನ್ನ ಮುಖ ನೋಡಿದರು. ಆಮೇಲೆ ಕೂಗಿದರು. ಐದಡಿಯೂ ಇಲ್ಲದ ಆ ದೇಹದಿಂದ ಮೀನಿನ ಹರಾಜಿನ ಗದ್ದಲವನ್ನೆಲ್ಲ ಸೀಳುವಂಥ ಕೂಗು ಬಂತು.

"ಮಗಾ! ನಿಲ್ಲು!"

ಮಗಳು ನಿಂತಳು. ನಿಂತ ಕೂಡಲೇ ಇಡೀ ಇಳಿಜಾರಿನಿಂದ 'ಹುಂಫ್' ಎಂದು ಒಂದು ಸದ್ದು ಬಂತು, ಮೇಲಿನ ಮನೆಯಲ್ಲಿ ಯಾರೋ ಭಾರದವರು ಸೋಫಾದಲ್ಲಿ ಕೂತ ಹಾಗೆ. ಹಿಮ ಅವಳ ಕೆಳಗೆ ಒಂದು ಬೆರಳಿನಷ್ಟು ಕುಸಿಯಿತು. ಅವಳ ಸ್ಕೀಯ ತುದಿಯಿಂದ ಕೂದಲೆಳೆಯಂಥ ಬಿರುಕೊಂದು ಮುಂದಕ್ಕೆ ಓಡಿತು. ಅವಳು ಇನ್ನೂ ಹತ್ತು ಹೆಜ್ಜೆ ಹೋಗಿದ್ದರೆ ನಿಂತಿರುತ್ತಿದ್ದ ಜಾಗವನ್ನು ಬಿರುಕು ಹಾದುಹೋಯಿತು.

ಆಂಟಿಯ ದನಿ ಈಗ ಅಡುಗೆಮನೆಯ ದನಿ. "ಏನೂ ಆಗಿಲ್ಲ ಮಗಾ. ಹೋದ ಗುರುತಿನ ಮೇಲೇ ವಾಪಸ್ ಬಾ. ಓಡ್ಬೇಡ. ಮೆಲ್ಲ ಬಾ. ಹಾಂ, ಇನ್ನೊಂದು. ಇನ್ನೊಂದು." ಪ್ರತಿ ಹೆಜ್ಜೆಗೂ ಒಂದು 'ಇನ್ನೊಂದು' ಹೇಳಿದರು. ನಾನು ಇಪ್ಪತ್ತಮೂರು ಎಣಿಸಿದೆ. ಕೊನೆಯದಕ್ಕೆ ಅವಳು ಅಂಚು ದಾಟಿ ಈಚೆ ಬಂದಳು. ಅವಳೂ ಆಂಟಿಯೂ ಹಿಮದಲ್ಲೇ ಕೂತರು. ಆಂಟಿ ಅವಳ ಜಾಕೆಟ್ಟಿನ ತೋಳು ಹಿಡಿದವರು ಬಿಡಲೇ ಇಲ್ಲ.

ಆಮೇಲೆ ಮಗಳು ನನ್ನತ್ತ ತಿರುಗಿದಳು.

"ಡ್ಯಾಡ್, ಯೂ ಸಾ ಮಿ. ಯೂ ವರ್ ಲುಕಿಂಗ್ ರೈಟ್ ಅಟ್ ಮಿ. ವೈ ಡಿಡಂಟ್ ಯೂ ಕಾಲ್ ಮಿ?"

ನಾನು ಮುಚ್ಚಳವನ್ನು ಫ್ಲಾಸ್ಕಿಗೆ ತಿರುಗಿಸಿದೆ.

"ಕರೆದ್ರು ಮಗಾ," ಎಂದರು ಆಂಟಿ. "ಎರಡು ಸಲ ಕರೆದ್ರು. ಗಾಳಿಗೆ ನಿನಗೆ ಕೇಳಿಸ್ಲಿಲ್ಲ."

ಮಗಳು ನನ್ನನ್ನೇ ನೋಡಿದಳು. ಎದ್ದು ಬಂದು ನನ್ನನ್ನು ತಬ್ಬಿಕೊಂಡು, "ಸಾರಿ ಡ್ಯಾಡ್," ಎಂದಳು. ನಾನು ಅವಳ ಬೆನ್ನು ಸವರಿದೆ. ಆಂಟಿ ನಮ್ಮನ್ನು ನೋಡಲಿಲ್ಲ. ಗುಂಡಿಯಲ್ಲಿ ಉಳಿದ ಮೂಲೆಯನ್ನು ಮುಚ್ಚುತ್ತಿದ್ದರು.

ಕಾರ್ ಪಾರ್ಕಿಗೆ ಇಳಿದ ಮೇಲೆ ಎಂದಿನಂತೆ ಬಾನೆಟ್ಟಿನ ಮೇಲೆ ನೋಟ್‌ಬುಕ್ ಇಟ್ಟುಕೊಂಡು ಬರೆದರು. ಮೊಣಕೈ ಎರಡು. ಒಂದೂವರೆ ಅಡಿ. ಬಿರುಕು. ಬಿಸಿಲು. ಗಾಳಿ: ಇಲ್ಲ. ನಾನು ಪಕ್ಕದಲ್ಲಿ ನಿಂತು ಓದುತ್ತಿರುವುದು ಅವರಿಗೆ ಗೊತ್ತಿತ್ತು. ಪೆನ್ನಿನ ಮುಚ್ಚಳ ಹಾಕಿ, "ನಡೀರಿ, ಅವಳಿಗೆ ಹಸಿವಾಗಿರ್ತದೆ," ಎಂದರು. ಆಮೇಲೆ ಅವರು ರಿಟೈರ್ ಆಗಿ ಸಿಡ್ನಿಗೆ ಹೋಗುವವರೆಗಿನ ನಾಲ್ಕು ವರ್ಷದಲ್ಲಿ, ಆಗಾಗ ಫೋನಿನಲ್ಲಿ ಮಾತಾಡಿದ ಇನ್ನೆರಡು ವರ್ಷದಲ್ಲಿ, ಈ ಮಾತನ್ನು ಅವರು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಎತ್ತಬೇಕಿತ್ತು.

ಮಗಳು ಈಗ ಕೆಲಸದಲ್ಲಿದ್ದಾಳೆ. ಗೆಳೆಯರು ಊಟಕ್ಕೆ ಬಂದಾಗಲೆಲ್ಲ ಈ ಕಥೆ ಹೇಳುತ್ತಾಳೆ, ಚೆನ್ನಾಗಿಯೇ ಹೇಳುತ್ತಾಳೆ. ಅಪ್ಪ ಎರಡು ಸಲ ಕೂಗಿದ, ಗಾಳಿಗೆ ಕೇಳಿಸಲಿಲ್ಲ ಎನ್ನುವಲ್ಲಿ ನನ್ನ ಭುಜದ ಮೇಲೆ ಕೈ ಇಡುತ್ತಾಳೆ. ನಾನು ಎಲ್ಲರಿಗೂ ಸಾರು ಬಡಿಸುತ್ತೇನೆ. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಓದಲು ಬರುವುದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ: ನಾನು ಕರೆಯಲಿಲ್ಲ.